ಡೂಲಿಟಲ್ ದಾಳಿ: 16 ವಿಮಾನಗಳು ಹಾಕಿದ ಬಾಂಬ್‌ಗಿಂತ ಅದರ ಪರಿಣಾಮ ದೊಡ್ಡದಾಗಿದ್ದು ಹೇಗೆ?

ಟಿವಿಯಲ್ಲಿ ವಾಯುದಾಳಿಯ ಸುದ್ದಿ ಬಂದಾಗಲೆಲ್ಲ ನಾವು ಮೊದಲು ಕೇಳುವ ಪ್ರಶ್ನೆ ಒಂದೇ. ಎಷ್ಟು ಹಾನಿ ಆಯ್ತು? ಉಪಗ್ರಹ ಚಿತ್ರ ತೋರಿಸುತ್ತಾರೆ, ಸುಟ್ಟ ಕಟ್ಟಡದ ಸುತ್ತ ಕೆಂಪು ಗೆರೆ ಎಳೆಯುತ್ತಾರೆ. ಹಾನಿ ಕಮ್ಮಿ ಕಂಡರೆ ದಾಳಿ ವಿಫಲ ಅಂತ ಒಬ್ಬರು, ಜಾಸ್ತಿ ಕಂಡರೆ ಗೆದ್ದೆವು ಅಂತ ಇನ್ನೊಬ್ಬರು. ಚರ್ಚೆಗೆ ಕೂತ ನಿವೃತ್ತ ಸೇನಾಧಿಕಾರಿಗಳು ಮಾತ್ರ ಬೇರೊಂದು ಮಾತು ಹೇಳುತ್ತಿರುತ್ತಾರೆ: 'ಕಾರ್ಯತಂತ್ರದ ಪರಿಣಾಮ ಏನು ಅಂತ ನೋಡಬೇಕು.'

ಆ ಮಾತಿನ ಅರ್ಥ ತಿಳಿಯಬೇಕಾದರೆ 1942ರ ಏಪ್ರಿಲ್ 18ರ ಒಂದು ದಾಳಿಯನ್ನು ನೋಡಬೇಕು. ಅವತ್ತು ಅಮೆರಿಕದ 16 ವಿಮಾನಗಳು ಜಪಾನಿನ ಮೇಲೆ ಬಾಂಬ್ ಹಾಕಿದವು. ಸುಟ್ಟಿದ್ದು ಬಹಳ ಕಡಿಮೆ. ಆದರೆ ಅದರ ಬೆನ್ನಿಗೆ ನಡೆದದ್ದು ಬಹಳ ದೊಡ್ಡದು.

ಮೊದಲು ಒಂದು ಪದ: ಕಾರ್ಯತಂತ್ರ ಅಂದರೇನು?

ಒಂದು ಹಳ್ಳಿ ಮನೆ. ರಾತ್ರಿ ಕಳ್ಳ ನುಗ್ಗಿ ಒಂದು ಹಿತ್ತಾಳೆ ಚೊಂಬು ಕದ್ದುಕೊಂಡು ಹೋದ ಅಂತಿಟ್ಟುಕೊಳ್ಳಿ. ಹೋದದ್ದು ಚೊಂಬು ಮಾತ್ರ. ಆದರೆ ಮರುದಿನದಿಂದ ಮನೆ ಯಜಮಾನನಿಗೆ ನಿದ್ದೆ ಇಲ್ಲ. ಹೊಲಕ್ಕೆ ಹೋಗಬೇಕಾದ ಇಬ್ಬರು ಮಕ್ಕಳನ್ನು ಮನೆ ಕಾಯಲು ನಿಲ್ಲಿಸುತ್ತಾನೆ. ಬಿತ್ತನೆಗೆ ಇಟ್ಟ ದುಡ್ಡಿನಲ್ಲಿ ಕಬ್ಬಿಣದ ಬಾಗಿಲು ಹಾಕಿಸುತ್ತಾನೆ. ಆ ವರ್ಷ ಬೆಳೆ ಕಮ್ಮಿಯಾಗುತ್ತದೆ. ಕಳ್ಳತನದಿಂದ ನೇರವಾಗಿ ಆದ ನಷ್ಟ ಚೊಂಬು. ಕಳ್ಳತನ ಆ ಮನೆಯವರ ಕೈಯಲ್ಲಿ ಏನೇನು ಮಾಡಿಸಿತು ಅನ್ನೋದು ಬೇರೆಯದೇ ಲೆಕ್ಕ.

ಯುದ್ಧದಲ್ಲಿ ಎರಡನೆಯ ಈ ಲೆಕ್ಕವೇ ಕಾರ್ಯತಂತ್ರದ ಪರಿಣಾಮ. ಯಾವ ಕಟ್ಟಡ ಉರುಳಿತು ಅನ್ನೋದಕ್ಕಿಂತ ಎದುರಾಳಿ ಆಮೇಲೆ ಏನು ತೀರ್ಮಾನ ಮಾಡಿದ, ತನ್ನ ಸೇನೆಯನ್ನು ಎಲ್ಲಿಂದ ಎಲ್ಲಿಗೆ ಸರಿಸಿದ ಅನ್ನೋದೇ ಇಲ್ಲಿ ಮುಖ್ಯ.

ಅಮೆರಿಕ ಯಾಕೆ ಇಷ್ಟು ಆತುರದಲ್ಲಿತ್ತು?

1941ರ ಡಿಸೆಂಬರ್ 7ರಂದು ಜಪಾನ್ ಹವಾಯಿ ದ್ವೀಪಗಳ ಪರ್ಲ್ ಹಾರ್ಬರ್ ಮೇಲೆ ದಾಳಿ ಮಾಡಿತು. 2,400ಕ್ಕೂ ಹೆಚ್ಚು ಅಮೆರಿಕನ್ನರು ಸತ್ತರು. ಅದಾದ ಮೇಲೆ ಜಪಾನಿಗೆ ಗೆಲುವಿನ ಮೇಲೆ ಗೆಲುವು. ಮಲಯ, ಸಿಂಗಪುರ, ಈಗಿನ ಇಂಡೋನೇಷ್ಯಾ, ಬರ್ಮಾದ ರಂಗೂನ್ ಒಂದೊಂದಾಗಿ ಬಿದ್ದವು.

ಯುದ್ಧ ನಮ್ಮ ಬಾಗಿಲಿಗೂ ಬಂದಿತ್ತು. 1942ರ ಏಪ್ರಿಲ್ ಮೊದಲ ವಾರಗಳಲ್ಲಿ ಜಪಾನಿನ ವಿಮಾನಗಳು ಕೊಲಂಬೊ, ಟ್ರಿಂಕೊಮಲಿ ಮೇಲೆ ದಾಳಿ ಮಾಡಿದವು. ಏಪ್ರಿಲ್ 6ರಂದು ವಿಶಾಖಪಟ್ಟಣ, ಕಾಕಿನಾಡಗಳ ಮೇಲೂ ಬಾಂಬ್ ಬಿತ್ತು. ಮದರಾಸಿನ ಜನ ಊರು ಬಿಟ್ಟು ಹೊರಟರು. ಬೆಂಗಳೂರಿನಲ್ಲಿ ವಾಲ್‌ಚಂದ್ ಹೀರಾಚಂದ್ ಮತ್ತು ಮೈಸೂರು ಸರ್ಕಾರ ಸೇರಿ 1940ರಲ್ಲಿ ಶುರು ಮಾಡಿದ್ದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಭಾರತ ಸರ್ಕಾರ ತನ್ನ ಹಿಡಿತಕ್ಕೆ ತೆಗೆದುಕೊಂಡದ್ದೂ ಅದೇ ಏಪ್ರಿಲ್‌ನಲ್ಲಿ. ಮುಂದೆ ಅಮೆರಿಕದ ಯುದ್ಧವಿಮಾನಗಳು ಅಲ್ಲಿಗೇ ರಿಪೇರಿಗೆ ಬರತೊಡಗಿದವು.

ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್‌ಗೆ ಒಂದು ವಿಷಯ ಸ್ಪಷ್ಟವಾಗಿತ್ತು. ಸೋಲಿನ ಸುದ್ದಿ ಕೇಳಿ ಕೇಳಿ ಜನರ ಧೈರ್ಯ ಕುಗ್ಗುತ್ತಿದೆ. ಜಪಾನಿನ ನೆಲದ ಮೇಲೆ ಆದಷ್ಟು ಬೇಗ ಒಂದು ಪೆಟ್ಟು ಬೀಳಬೇಕು. ಪರ್ಲ್ ಹಾರ್ಬರ್ ಆಗಿ ಎರಡು ವಾರಕ್ಕೇ ಸೇನಾ ಮುಖ್ಯಸ್ಥರಿಗೆ ಅವರು ಈ ಮಾತು ಹೇಳಿದ್ದರು.

ಕಷ್ಟ ಎಲ್ಲಿತ್ತು?

ದೂರದಲ್ಲಿ. ಜಪಾನಿಗೆ ಹತ್ತಿರ ಅಮೆರಿಕದ ಕೈಯಲ್ಲಿ ಒಂದು ನೆಲೆಯೂ ಉಳಿದಿರಲಿಲ್ಲ. ಇದ್ದದ್ದು ವಿಮಾನವಾಹಕ ನೌಕೆ, ಅಂದರೆ ಬೆನ್ನ ಮೇಲೆ ರನ್‌ವೇ ಹೊತ್ತು ಸಾಗುವ ಹಡಗು. ಆದರೆ ಅದರಿಂದ ಹಾರುವ ಸಣ್ಣ ವಿಮಾನಗಳು ಬಾಂಬ್ ಹಾಕಿ ವಾಪಸ್ ಬರಬೇಕಾದರೆ ಹಡಗು ದಡಕ್ಕೆ ಬಹಳ ಹತ್ತಿರ ಹೋಗಬೇಕು. ಹಾಗೆ ಹೋದರೆ ಹಡಗು ಉಳಿಯುವುದಿಲ್ಲ. ದೂರ ಹಾರಬಲ್ಲವು ಭೂಸೇನೆಯ ದೊಡ್ಡ ಬಾಂಬರ್‌ಗಳು, ಅಂದರೆ ಬಾಂಬ್ ಹಾಕಲೆಂದೇ ಮಾಡಿದ ಭಾರಿ ವಿಮಾನಗಳು. ಅವಕ್ಕೆ ನೆಲದ ಮೇಲಿನ ಉದ್ದ ರನ್‌ವೇ ಬೇಕು.

ಈ ಗಂಟು ಬಿಡಿಸಿದವರು ಫ್ರಾನ್ಸಿಸ್ ಲೋ. ಅವರು ಜಲಾಂತರ್ಗಾಮಿಯ ಅಧಿಕಾರಿ, ವಿಮಾನದ ಕಸುಬಿನವರೇ ಅಲ್ಲ. 1942ರ ಜನವರಿಯಲ್ಲಿ ವರ್ಜೀನಿಯಾದ ನಾರ್‌ಫೋಕ್‌ನಲ್ಲಿ ರನ್‌ವೇ ಮೇಲೆ ನೌಕೆಯ ಡೆಕ್ಕಿನ ಆಕಾರ ಬಳಿದಿದ್ದನ್ನು ಅವರು ಕಂಡರು. ನೌಕಾ ಪೈಲಟ್‌ಗಳ ಅಭ್ಯಾಸಕ್ಕೆ ಬಳಿದದ್ದು ಅದು. ಅದರ ಮೇಲೆ ಭೂಸೇನೆಯ ಎರಡು ಎಂಜಿನ್ನಿನ ಬಾಂಬರ್‌ಗಳು ಸುಮ್ನೆ ಹಾರಾಡುತ್ತಿದ್ದವು. ಆ ವಿಮಾನ ಈ ಡೆಕ್ಕಿನಿಂದ ಮೇಲೇಳಬಹುದಾ? ಎಲ್ಲ ಶುರುವಾದದ್ದು ಈ ಪ್ರಶ್ನೆಯಿಂದ.

ಪರೀಕ್ಷೆ ಮಾಡಿ ನೋಡಿದರು. ಬಿ-25 ಮಿಚೆಲ್ ಅನ್ನೋ ಬಾಂಬರ್ ಮೇಲೇಳಬಲ್ಲದು. ಆದರೆ ವಾಪಸ್ ಬಂದು ಇಳಿಯಲಾರದು. ಅಂದಮೇಲೆ ಹಡಗಿನಿಂದ ಹಾರಿ, ಜಪಾನಿನ ಮೇಲೆ ಬಾಂಬ್ ಹಾಕಿ, ಮುಂದೆ ಸಾಗಿ ಚೀನಾದಲ್ಲಿ ಇಳಿಯಬೇಕು. ಇದು ಹೋಗುವ ದಾರಿ ಮಾತ್ರ ಇದ್ದ ಪ್ರಯಾಣ.

ಇದರ ಹೊಣೆ ಹೊತ್ತವರು ಲೆಫ್ಟಿನೆಂಟ್ ಕರ್ನಲ್ ಜೇಮ್ಸ್ ಡೂಲಿಟಲ್. ಆಗ ಅವರಿಗೆ 45 ವರ್ಷ. ರೇಸ್ ಪೈಲಟ್ ಅಂತ ಹೆಸರು ಮಾಡಿದ್ದರು. ಅದರ ಜೊತೆಗೆ ಅಮೆರಿಕದ ಹೆಸರಾಂತ ತಾಂತ್ರಿಕ ವಿದ್ಯಾಸಂಸ್ಥೆ ಎಂಐಟಿಯಿಂದ ವಿಮಾನ ಎಂಜಿನಿಯರಿಂಗ್‌ನಲ್ಲಿ ಡಾಕ್ಟರೇಟ್. ಹೊರಗೆ ನೋಡದೆ ಬರೀ ಉಪಕರಣಗಳನ್ನು ನಂಬಿ ವಿಮಾನ ಏರಿಸಿ, ಹಾರಿಸಿ, ಇಳಿಸಿದ ಮೊದಲಿಗ ಅವರು, 1929ರಲ್ಲಿ. ಧೈರ್ಯ ಇದ್ದವರು ಬೇಕಾದಷ್ಟು ಮಂದಿ ಸಿಗುತ್ತಿದ್ದರೇನೋ. ಲೆಕ್ಕ ಹಾಕಿ ಧೈರ್ಯ ಮಾಡುವವರು ಬೇಕಿತ್ತು.

142 ಮೀಟರ್‌ನಲ್ಲಿ ಒಂದು ಬಾಂಬರ್ ಮೇಲೆದ್ದದ್ದು ಹೇಗೆ?

ಹಾರ್ನೆಟ್ ಅನ್ನೋ ನೌಕೆಯ ಡೆಕ್ಕಿನ ಮೇಲೆ 16 ಬಾಂಬರ್‌ಗಳನ್ನು ಒತ್ತೊತ್ತಾಗಿ ಕಟ್ಟಿ ನಿಲ್ಲಿಸಿದ್ದರು. ಕೆಳಗಿನ ಅಂತಸ್ತಿಗೆ ಅವು ಹಿಡಿಸುತ್ತಿರಲಿಲ್ಲ. ಹಾಗಾಗಿ ಎಲ್ಲಕ್ಕಿಂತ ಮುಂದೆ ನಿಂತಿದ್ದ ಡೂಲಿಟಲ್ ವಿಮಾನಕ್ಕೆ ಓಡಲು ಸಿಕ್ಕಿದ್ದು 467 ಅಡಿ, ಅಂದರೆ ಸುಮಾರು 142 ಮೀಟರ್. ಕ್ರಿಕೆಟ್ ಮೈದಾನದ ಈ ಬೌಂಡರಿಯಿಂದ ಆ ಬೌಂಡರಿಗೆ ಇರುವಷ್ಟು ಜಾಗ. ನೆಲದ ಮೇಲೆ ಅದೇ ವಿಮಾನಕ್ಕೆ ಇದರ ಎರಡು ಪಟ್ಟಿಗೂ ಜಾಸ್ತಿ ಬೇಕು.

ಗುಟ್ಟು ಇರುವುದು ಗಾಳಿಯಲ್ಲಿ. ಗಾಳಿಪಟ ಹಾರಿಸುವ ಹುಡುಗರು ಗಾಳಿಗೆ ಎದುರಾಗಿ ಓಡುತ್ತಾರಲ್ವಾ, ಅದೇ ಲೆಕ್ಕ. ವಿಮಾನ ಮೇಲೇಳಲು ಬೇಕಾದ್ದು ನೆಲದ ಮೇಲಿನ ವೇಗವಲ್ಲ, ರೆಕ್ಕೆಯ ಮೇಲೆ ಹಾಯುವ ಗಾಳಿಯ ವೇಗ. ಅವತ್ತು ಸಮುದ್ರದಲ್ಲಿ ಬಿರುಗಾಳಿ ಬೀಸುತ್ತಿತ್ತು. ಹಾರ್ನೆಟ್ ಆ ಗಾಳಿಗೆ ಎದುರಾಗಿ ಜೋರಾಗಿ ಸಾಗಿತು. ಹಡಗಿನ ವೇಗ, ಗಾಳಿಯ ವೇಗ ಎರಡೂ ಸೇರಿದವು. ವಿಮಾನ ಇನ್ನೂ ನಿಂತಲ್ಲೇ ಇರುವಾಗಲೇ ಅದರ ರೆಕ್ಕೆಗೆ ಬೇಕಾದ ಗಾಳಿಯ ಬಹುಪಾಲು ಸಿಕ್ಕಿಬಿಟ್ಟಿತ್ತು. ಉಳಿದದ್ದಕ್ಕೆ ಎಂಜಿನ್ ಸಾಕು.

ಡೆಕ್ಕಿನ ಮೇಲೆ ಎರಡು ಬಿಳಿ ಗೆರೆ ಬಳಿದಿದ್ದರು. ಒಂದು ಮೂಗಿನ ಗಾಲಿಗೆ, ಇನ್ನೊಂದು ಎಡಗಾಲಿಗೆ. ಗಾಲಿ ಆ ಗೆರೆ ಬಿಡದಿದ್ದರೆ ಬಲಗಡೆಯ ರೆಕ್ಕೆ ಹಡಗಿನ ಗೋಪುರಕ್ಕೆ ಆರು ಅಡಿ ದೂರದಲ್ಲಿ ಹಾದುಹೋಗುತ್ತದೆ. ಸ್ವಲ್ಪ ಸರಿದರೂ ಮುಗಿಯಿತು.

ಅಲೆಗಳು ಎಷ್ಟು ದೊಡ್ಡವಿದ್ದವೆಂದರೆ ಹಡಗಿನ ಮುಂಭಾಗ ಉಯ್ಯಾಲೆ ಥರ ಏರಿ ಇಳಿಯುತ್ತಿತ್ತು. ಬಾವುಟ ಹಿಡಿದ ಅಧಿಕಾರಿ ಕಾದು ನಿಂತಿದ್ದ. ಮೂತಿ ಕೆಳಗಿಳಿಯಲು ಶುರುವಾದಾಗ ಬಾವುಟ ಇಳಿಸುತ್ತಿದ್ದ. ವಿಮಾನ ಓಡಿ ತುದಿ ಮುಟ್ಟುವ ಹೊತ್ತಿಗೆ ಮೂತಿ ಮತ್ತೆ ಮೇಲೆದ್ದಿರುತ್ತಿತ್ತು. ಏಳನೆಯ ವಿಮಾನ ರೆಕ್ಕೆಯ ಫ್ಲ್ಯಾಪ್ ಇಳಿಸದೆಯೇ ಹೊರಟು ನೀರು ಮುಟ್ಟುವಷ್ಟು ಕೆಳಕ್ಕೆ ಕುಸಿದು ಮತ್ತೆ ಮೇಲೆದ್ದಿತು. ಕೊನೆಯ ವಿಮಾನದ ಪ್ರೊಪೆಲ್ಲರಿಗೆ ಸಿಕ್ಕಿ ಡೆಕ್ಕಿನ ಮೇಲಿದ್ದ ನಾವಿಕನೊಬ್ಬ ಒಂದು ತೋಳು ಕಳೆದುಕೊಂಡ. ಸುಮಾರು ಒಂದು ಗಂಟೆಯಲ್ಲಿ ಹದಿನಾರೂ ಹಾರಿದ್ದವು. ಅಲ್ಲಿಯವರೆಗೆ ಆ ಪೈಲಟ್‌ಗಳಲ್ಲಿ ಯಾರೂ ಹಡಗಿನಿಂದ ಬಿ-25 ಹಾರಿಸಿರಲಿಲ್ಲ. ಅವರ ಅಭ್ಯಾಸವೆಲ್ಲ ಫ್ಲಾರಿಡಾದ ಎಗ್ಲಿನ್ ನೆಲೆಯ ರನ್‌ವೇ ಮೇಲೆ ಗೆರೆ ಎಳೆದುಕೊಂಡು ನಡೆದಿತ್ತು.

ಭಾರ ಇಳಿಸಲು ಮಾಡಿದ ಉಪಾಯಗಳನ್ನೂ ಹೇಳಬೇಕು. ವಿಮಾನದ ಹೊಟ್ಟೆಯ ಕೆಳಗಿದ್ದ ಮೆಷಿನ್‌ಗನ್ ಗೂಡನ್ನು ಕಿತ್ತರು. ಬಾಲದಲ್ಲಿ ನಿಜವಾದ ಗನ್ನಿನ ಬದಲು ಕಪ್ಪು ಬಣ್ಣ ಬಳಿದ ಪೊರಕೆ ಕೋಲು ಸಿಕ್ಕಿಸಿದರು. ಹಿಂದಿನಿಂದ ಬರುವ ಶತ್ರು ಪೈಲಟ್ ಅದನ್ನು ಗನ್ ಅಂದುಕೊಂಡು ಹೆದರಲಿ ಅಂತ. ಬಾಂಬ್ ಗುರಿ ಹಿಡಿಯುವ ದುಬಾರಿ ಯಂತ್ರ ಶತ್ರುವಿನ ಕೈಗೆ ಸಿಗಬಾರದು, ಸಾಲದ್ದಕ್ಕೆ ಅಷ್ಟು ಕೆಳಗೆ ಹಾರುವಾಗ ಅದು ಉಪಯೋಗಕ್ಕೂ ಬರುವುದಿಲ್ಲ. ಅದನ್ನು ತೆಗೆದು ಸುಮಾರು 20 ಸೆಂಟ್ ಖರ್ಚಿನಲ್ಲಿ ಅಲ್ಯೂಮಿನಿಯಂ ತಗಡಿನ ಸಾಧನವೊಂದನ್ನು ತಾವೇ ಮಾಡಿಕೊಂಡರು. ಉಳಿಸಿದ ಭಾರವೆಲ್ಲ ಪೆಟ್ರೋಲಿಗೆ. ಸಾಮಾನ್ಯವಾಗಿ ಸುಮಾರು 2,400 ಲೀಟರ್ ಹಿಡಿಯುವ ವಿಮಾನಕ್ಕೆ 4,300 ಲೀಟರ್ ತುಂಬಿಸಿದರು. ಅದರಲ್ಲಿ ಹತ್ತು ಡಬ್ಬ ಕೈಯಿಂದಲೇ ಸುರಿಯಬೇಕಾದದ್ದು.

ಹತ್ತು ಗಂಟೆ ಮುಂಚೆ

ಯೋಜನೆ ಪ್ರಕಾರ ಜಪಾನಿಗೆ ಇನ್ನೂ ಹತ್ತಿರ ಹೋಗಿ, ಸಂಜೆ ಹೊರಟು, ರಾತ್ರಿ ಬಾಂಬ್ ಹಾಕಿ, ಬೆಳಕು ಹರಿಯುವ ಹೊತ್ತಿಗೆ ಚೀನಾ ಮುಟ್ಟಬೇಕಿತ್ತು. ಏಪ್ರಿಲ್ 18ರ ಬೆಳಗ್ಗೆ ಅದೆಲ್ಲ ತಲೆಕೆಳಗಾಯಿತು.

ಜಪಾನ್ ತನ್ನ ತೀರದಿಂದ ಬಹಳ ಆಚೆ ಕಾವಲು ದೋಣಿಗಳ ಸಾಲನ್ನೇ ನಿಲ್ಲಿಸಿತ್ತು. ರೇಡಿಯೊ ಇಟ್ಟುಕೊಂಡ ಸಣ್ಣ ದೋಣಿಗಳು ಅವು. ಬೆಳಗ್ಗೆ 7:38ಕ್ಕೆ ಅಂಥ ಒಂದು ದೋಣಿ, ನಿಟ್ಟೊ ಮಾರು, ಕಣ್ಣಿಗೆ ಬಿತ್ತು. ಅಮೆರಿಕದ ನ್ಯಾಶ್ವಿಲ್ ಹಡಗು ಅದನ್ನು ಮುಳುಗಿಸಿತು. ಆದರೆ ಅಷ್ಟರಲ್ಲಿ ದೋಣಿ ರೇಡಿಯೊದಲ್ಲಿ ಸುದ್ದಿ ಕಳಿಸಿಬಿಟ್ಟಿತ್ತು.

ಆಗ ಜಪಾನ್ ಇನ್ನೂ ಸುಮಾರು 1,200 ಕಿಲೋಮೀಟರ್ ದೂರ. ನೌಕಾಪಡೆಯ ಮುಂದಾಳು ಹಾಲ್ಸಿ ತಕ್ಷಣ ವಿಮಾನಗಳನ್ನು ಹಾರಿಸಲು ಹೇಳಿದರು. ಹತ್ತು ಗಂಟೆ ಮುಂಚೆ, 300 ಕಿಲೋಮೀಟರಿಗೂ ಜಾಸ್ತಿ ದೂರದಿಂದ. ಪೆಟ್ರೋಲು ಚೀನಾದವರೆಗೆ ಸಾಲುವುದಿಲ್ಲ ಅನ್ನೋದು ಎಲ್ಲರಿಗೂ ಗೊತ್ತಿತ್ತು. ಆದರೂ 80 ಮಂದಿಯೂ ಹೊರಟರು.

ವಿಚಿತ್ರ ಅಂದರೆ ದೋಣಿ ಎಚ್ಚರಿಸಿದರೂ ಜಪಾನ್ ಸಿದ್ಧವಾಗಿರಲಿಲ್ಲ. ಅವರ ಲೆಕ್ಕವೂ ತಪ್ಪಾಗಿರಲಿಲ್ಲ. ನೌಕೆಯ ಸಣ್ಣ ವಿಮಾನಗಳು ಅಷ್ಟು ದೂರ ಹಾರಲಾರವು, ಆದ್ದರಿಂದ ದಾಳಿ ನಾಳೆ ಬರುತ್ತದೆ ಅಂದುಕೊಂಡರು. ಹಡಗಿನ ಮೇಲೆ ಭೂಸೇನೆಯ ಬಾಂಬರ್ ಇರಬಹುದು ಅಂತ ಯಾರ ತಲೆಗೂ ಹೊಳೆಯಲಿಲ್ಲ. ಅವತ್ತು ಬೆಳಗ್ಗೆ ಟೋಕಿಯೊದಲ್ಲಿ ವಾಯುದಾಳಿಯ ಅಣಕು ಅಭ್ಯಾಸ ಬೇರೆ ನಡೆದಿತ್ತು. ಮಧ್ಯಾಹ್ನದ ಹೊತ್ತಿಗೆ ತಲೆಯ ಮೇಲೆ ವಿಮಾನ ಕಂಡಾಗ ಎಷ್ಟೋ ಜನ ಅದೂ ಅಭ್ಯಾಸದ ಭಾಗ ಅಂದುಕೊಂಡು ನೋಡುತ್ತಾ ನಿಂತರು.

ಟೋಕಿಯೊ, ಯೊಕೊಹಾಮ, ಯೊಕೊಸುಕ, ನಗೋಯಾ, ಕೋಬೆ ನಗರಗಳ ಮೇಲೆ ಬಾಂಬ್ ಬಿತ್ತು. ಸುಮಾರು 50 ಜನ ಸತ್ತರು, 400ರಷ್ಟು ಜನ ಗಾಯಗೊಂಡರು. ಸತ್ತವರಲ್ಲಿ ಸಾಮಾನ್ಯ ಜನರೂ ಇದ್ದರು, ಶಾಲೆಯ ಮಕ್ಕಳೂ ಇದ್ದರು. ಕೆಲವು ಕಾರ್ಖಾನೆಗಳಿಗೆ, ಯೊಕೊಸುಕದಲ್ಲಿ ವಿಮಾನವಾಹಕವಾಗಿ ಮಾರ್ಪಡಿಸುತ್ತಿದ್ದ ಒಂದು ಹಡಗಿಗೆ ಹಾನಿಯಾಯಿತು. ಹದಿನಾರೂ ವಿಮಾನಗಳ ಬಾಂಬ್ ಒಟ್ಟು ಸೇರಿದರೆ ಸುಮಾರು 14 ಟನ್. 1945ರ ಮಾರ್ಚ್‌ನಲ್ಲಿ ಒಂದೇ ರಾತ್ರಿ ಟೋಕಿಯೊ ಮೇಲೆ ಬಿದ್ದದ್ದು 1,600 ಟನ್ನಿಗೂ ಜಾಸ್ತಿ.

ವಿಮಾನಗಳು ಎಲ್ಲಿಗೆ ಹೋದವು?

ಒಂದೂ ಜಪಾನಿನ ಮೇಲೆ ಬೀಳಲಿಲ್ಲ. ಒಂದು ವಿಮಾನ ಪೆಟ್ರೋಲ್ ಸಾಲದೆ ಸೋವಿಯತ್ ನಾಡಿನ ವ್ಲಾಡಿವೋಸ್ಟಾಕ್ ಬಳಿ ಇಳಿಯಿತು. ಸೋವಿಯತ್ ಆಗ ಜಪಾನಿನ ವಿರುದ್ಧ ಯುದ್ಧದಲ್ಲಿರಲಿಲ್ಲ. ಹಾಗಾಗಿ ಆ ಐವರನ್ನು ಒಂದು ವರ್ಷ ಅಲ್ಲೇ ಇಟ್ಟುಕೊಂಡರು. 1943ರಲ್ಲಿ ಅವರು ಇರಾನ್ ಮೂಲಕ ಹೊರಬಂದರು.

ಉಳಿದ 15 ವಿಮಾನಗಳಿಗೆ ಹಿಂದಿನಿಂದ ಗಾಳಿ ಬೀಸಿತು. ಆ ಗಾಳಿ ಇಲ್ಲದಿದ್ದರೆ ಎಲ್ಲವೂ ಸಮುದ್ರ ಪಾಲಾಗುತ್ತಿದ್ದವು. ಚೀನಾದ ಕರಾವಳಿ ಮುಟ್ಟುವಾಗ ಕತ್ತಲು, ಮಳೆ, ಮೋಡ. ಝೆಜಿಯಾಂಗ್ ಪ್ರಾಂತ್ಯದ ಚೂಝೌ ನೆಲೆಯಿಂದ ದಾರಿ ತೋರಬೇಕಿದ್ದ ರೇಡಿಯೊ ಸಿಗ್ನಲ್ ಬರಲೇ ಇಲ್ಲ. ಹತ್ತು ಗಂಟೆ ಮುಂಚೆ ಹೊರಟಿದ್ದೇವೆ ಅಂತ ಹಡಗಿನಿಂದ ತಿಳಿಸುವಂತೆಯೂ ಇರಲಿಲ್ಲ. ರೇಡಿಯೊ ಬಳಸಿದರೆ ಹಡಗು ಎಲ್ಲಿದೆ ಅಂತ ಜಪಾನಿಗೆ ಗೊತ್ತಾಗುತ್ತದೆ. ಕೆಲವರು ನೀರಿಗೆ, ದಡಕ್ಕೆ ವಿಮಾನ ಇಳಿಸಿದರು. ಹೆಚ್ಚಿನವರು ಕತ್ತಲಲ್ಲಿ ಪ್ಯಾರಾಚೂಟ್ ಕಟ್ಟಿಕೊಂಡು ಹಾರಿದರು. ಡೂಲಿಟಲ್ ಬಿದ್ದದ್ದು ಗೊಬ್ಬರ ಹಾಕಿದ ಭತ್ತದ ಗದ್ದೆಗೆ.

ಮೂವರು ಅಲ್ಲೇ ಸತ್ತರು. ಎಂಟು ಮಂದಿ ಜಪಾನೀಯರ ಕೈಗೆ ಸಿಕ್ಕರು. ಅವರಲ್ಲಿ ಮೂವರನ್ನು 1942ರ ಅಕ್ಟೋಬರ್ 15ರಂದು ಗುಂಡಿಟ್ಟು ಕೊಂದರು. ಒಬ್ಬರು ಸೆರೆಯಲ್ಲೇ ಸೊರಗಿ ತೀರಿಕೊಂಡರು. ನಾಲ್ವರು 1945ರಲ್ಲಿ ಬಿಡುಗಡೆಯಾದರು. ಉಳಿದ 64 ಮಂದಿಯನ್ನು ಚೀನಾದ ರೈತರು, ಮೀನುಗಾರರು, ಗೆರಿಲ್ಲಾಗಳು, ಪಾದ್ರಿಗಳು ಬಚ್ಚಿಟ್ಟು, ಕೆಲವರನ್ನು ಹೆಗಲ ಮೇಲೆ ಹೊತ್ತು ದಾಟಿಸಿದರು.

ಹದಿನಾರೂ ವಿಮಾನ ಹೋಯಿತಲ್ಲ, ಕೋರ್ಟ್ ಮಾರ್ಷಲ್ ಗ್ಯಾರಂಟಿ ಅಂತ ಡೂಲಿಟಲ್ ತಮ್ಮ ವಿಮಾನದ ಚೂರುಗಳ ಪಕ್ಕ ಕೂತು ಕೊರಗಿದ್ದರು. ಊರಿಗೆ ಮರಳಿದಾಗ ಅವರಿಗೆ ಸಿಕ್ಕಿದ್ದು ಮೆಡಲ್ ಆಫ್ ಆನರ್, ಅಮೆರಿಕದ ಅತಿ ದೊಡ್ಡ ಯುದ್ಧ ಪದಕ.

ಹಾಗಾದರೆ ಜಪಾನ್ ಏನು ಮಾಡಿತು?

ಇಲ್ಲಿಂದ ಮನೆ ಯಜಮಾನನ ಕಥೆ ಶುರು. ಹಿಂದೂ ಮಹಾಸಾಗರದಿಂದ ಮರಳುತ್ತಿದ್ದ ನಗುಮೊ ಅವರ ನೌಕಾಪಡೆಯನ್ನು, ಅಂದರೆ ಕೊಲಂಬೊ ಮೇಲೆ ಬಾಂಬ್ ಹಾಕಿದ್ದ ಅದೇ ಹಡಗುಗಳನ್ನು, ಅಮೆರಿಕನ್ನರ ಬೆನ್ನಟ್ಟಲು ಕಳಿಸಿದರು. ಅವು ಇದ್ದದ್ದು ತೈವಾನ್ ಹತ್ತಿರ. ಏನೂ ಸಿಗಲಿಲ್ಲ. ಬೇರೆಡೆ ಕಾದಾಡಬೇಕಿದ್ದ ಫೈಟರ್ ವಿಮಾನಗಳ ತಂಡಗಳನ್ನು ತಾಯ್ನಾಡಿನ ಕಾವಲಿಗೆ ಉಳಿಸಿಕೊಂಡರು.

ಎಲ್ಲಕ್ಕಿಂತ ದೊಡ್ಡದು ಮಿಡ್‌ವೇ. ಪೆಸಿಫಿಕ್ ಸಾಗರದ ನಡುವಿನ ಈ ಪುಟ್ಟ ಹವಳದ ದ್ವೀಪದ ಮೇಲೆ ದಾಳಿ ಮಾಡಿದರೆ ಅಮೆರಿಕದ ವಿಮಾನವಾಹಕ ನೌಕೆಗಳು ಓಡಿ ಬರುತ್ತವೆ, ಆಗ ಮುಳುಗಿಸಬಹುದು ಅನ್ನೋದು ಅಡ್ಮಿರಲ್ ಯಮಾಮೊಟೊ ಅವರ ಯೋಚನೆ. ಟೋಕಿಯೊದ ನೌಕಾ ಮುಖ್ಯ ಕಚೇರಿಗೆ ಅದು ಇಷ್ಟವಿರಲಿಲ್ಲ. ಅವರಿಗೆ ಅಮೆರಿಕದಿಂದ ಆಸ್ಟ್ರೇಲಿಯಾಕ್ಕೆ ಹೋಗುವ ದಾರಿ ಕಡಿಯಬೇಕಿತ್ತು.

ಡೂಲಿಟಲ್ ದಾಳಿಯಿಂದಲೇ ಮಿಡ್‌ವೇ ಯುದ್ಧ ಆಯಿತು ಅಂತ ಎಷ್ಟೋ ಕಡೆ ಓದುತ್ತೇವೆ. ಅದು ಪೂರ್ತಿ ಸರಿ ಅಲ್ಲ. ಯಮಾಮೊಟೊ ಅವರ ಯೋಜನೆಗೆ ಏಪ್ರಿಲ್ ಮೊದಲ ವಾರದಲ್ಲೇ ಒಪ್ಪಿಗೆ ಸಿಕ್ಕಿತ್ತು. ಆದರೆ ಅದು ಮನಸ್ಸಿಲ್ಲದ ಒಪ್ಪಿಗೆ. ರಾಜಧಾನಿಯ ಮೇಲೆ, ಚಕ್ರವರ್ತಿ ಇರುವ ಊರಿನ ಮೇಲೆ ಬಾಂಬ್ ಬಿದ್ದ ಮೇಲೆ ಉಳಿದ ತಕರಾರೂ ಹೋಯಿತು. ದೂರ ನಿಂತಿದ್ದ ಭೂಸೇನೆಯೂ ಕೈ ಜೋಡಿಸಿತು. ಆ ಪೂರ್ವದ ಬಾಗಿಲು ಮುಚ್ಚಲೇಬೇಕು ಅನ್ನೋ ಆತುರ ಎಲ್ಲರನ್ನೂ ಹಿಡಿಯಿತು.

ಅಷ್ಟರಲ್ಲಿ ಅಮೆರಿಕದ ಗುಪ್ತಲಿಪಿ ತಂಡ ಜಪಾನಿನ ಸಂದೇಶಗಳನ್ನು ಓದತೊಡಗಿತ್ತು. ಹವಾಯಿಯಲ್ಲಿ ಜೋಸೆಫ್ ರೋಶ್‌ಫೋರ್ಟ್ ಅವರ ತಂಡಕ್ಕೆ 'ಎಎಫ್' ಅನ್ನೋ ಜಾಗದ ಮೇಲೆ ದಾಳಿ ಅಂತ ತಿಳಿಯಿತು. ಎಎಫ್ ಅಂದರೆ ಎಲ್ಲಿ? ಮಿಡ್‌ವೇಯಲ್ಲಿ ಕುಡಿಯುವ ನೀರಿನ ಯಂತ್ರ ಕೆಟ್ಟಿದೆ ಅಂತ ಸುಳ್ಳು ಸುದ್ದಿಯೊಂದನ್ನು ಬೇಕೆಂದೇ ರೇಡಿಯೊದಲ್ಲಿ ಹೇಳಿಸಿದರು. ಸ್ವಲ್ಪ ದಿನಕ್ಕೇ ಜಪಾನಿನ ಸಂದೇಶವೊಂದು ಸಿಕ್ಕಿತು: ಎಎಫ್‌ನಲ್ಲಿ ನೀರಿಗೆ ಕೊರತೆ.

ಜೂನ್ 4ರಂದು ಅಮೆರಿಕದ ನೌಕೆಗಳು ಹೊಂಚು ಹಾಕಿ ಕಾದಿದ್ದವು. ಹಾರ್ನೆಟ್ ಕೂಡ ಅಲ್ಲಿತ್ತು. ಜಪಾನ್ ಅಕಾಗಿ, ಕಾಗಾ, ಸೊರ್ಯು, ಹಿರ್ಯು ಅನ್ನೋ ನಾಲ್ಕು ವಿಮಾನವಾಹಕ ನೌಕೆಗಳನ್ನು ಕಳೆದುಕೊಂಡಿತು. ನಾಲ್ಕೂ ಪರ್ಲ್ ಹಾರ್ಬರ್ ದಾಳಿಯಲ್ಲಿದ್ದವು. ಅಮೆರಿಕ ಯಾರ್ಕ್‌ಟೌನ್ ಎಂಬ ಒಂದನ್ನು ಕಳೆದುಕೊಂಡಿತು. ಆಮೇಲೆ ಪೆಸಿಫಿಕ್‌ನಲ್ಲಿ ಜಪಾನಿಗೆ ಮತ್ತೆ ಅಂಥ ಬಲ ಬರಲಿಲ್ಲ.

ಅಮೆರಿಕವೂ ಬೆಲೆ ತೆತ್ತಿತು. ಟೋಕಿಯೊ ದಾಳಿಗೆ ಹೋಗಿಬಂದ ಹಾರ್ನೆಟ್ ಮತ್ತು ಅದರ ಜೊತೆಗಿದ್ದ ಎಂಟರ್‌ಪ್ರೈಸ್ ನೌಕೆ ಮೇ ತಿಂಗಳಲ್ಲಿ ಆಸ್ಟ್ರೇಲಿಯಾ ಬಳಿಯ ಕೋರಲ್ ಸಮುದ್ರದ ಕಾಳಗಕ್ಕೆ ಹೊತ್ತಿಗೆ ಸರಿಯಾಗಿ ಮುಟ್ಟಲಿಲ್ಲ. ಅಲ್ಲಿ ಲೆಕ್ಸಿಂಗ್‌ಟನ್ ನೌಕೆ ಮುಳುಗಿತು.

ಚೀನಾದ ಹಳ್ಳಿಗಳಿಗೆ ಏನಾಯಿತು?

ಈ ದಾಳಿಯ ಕಥೆ ಹೇಳುವಾಗ ಬಹಳ ಸಲ ಈ ಭಾಗ ಒಂದು ಸಾಲಿನಲ್ಲಿ ಮುಗಿದುಹೋಗುತ್ತದೆ. ಆದರೆ ಅತಿ ಹೆಚ್ಚು ಜನ ಸತ್ತದ್ದು ಟೋಕಿಯೊದಲ್ಲೂ ಅಲ್ಲ, ಮಿಡ್‌ವೇಯಲ್ಲೂ ಅಲ್ಲ, ಇಲ್ಲಿ.

ಚೀನಾದ ನಾಯಕ ಚಿಯಾಂಗ್ ಕೈ-ಶೆಕ್ ಅವರಿಗೆ ಅಮೆರಿಕ ಯೋಜನೆಯ ಪೂರ್ತಿ ವಿವರ ಮೊದಲೇ ಹೇಳಿರಲಿಲ್ಲ. ಗುಟ್ಟು ಹೊರಬೀಳುವ ಭಯ. ಜಪಾನ್ ಸೇಡು ತೀರಿಸಿಕೊಳ್ಳುತ್ತದೆ ಅನ್ನೋ ಅಂಜಿಕೆ ಚಿಯಾಂಗ್‌ಗೆ ಇತ್ತು, ಹಾಗೇ ಆಯಿತು. ಮೇ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಜಪಾನ್ ಸೇನೆ ಝೆಜಿಯಾಂಗ್ ಮತ್ತು ಜಿಯಾಂಗ್ಶಿ ಪ್ರಾಂತ್ಯಗಳಲ್ಲಿ ದೊಡ್ಡ ಕಾರ್ಯಾಚರಣೆ ನಡೆಸಿತು. ಅಮೆರಿಕದ ವಿಮಾನಗಳಿಗೆ ಮತ್ತೆಂದೂ ಬಳಕೆಯಾಗದಂತೆ ಆ ಭಾಗದ ವಿಮಾನ ನೆಲೆಗಳನ್ನು ಹಾಳುಗೆಡವಬೇಕು, ಸಹಾಯ ಮಾಡಿದವರಿಗೆ ಪಾಠ ಕಲಿಸಬೇಕು, ಇವೆರಡು ಅದರ ಗುರಿ.

ಪ್ರಾಣ ಉಳಿಸಿದ ಹಳ್ಳಿಗರಿಗೆ ಅಮೆರಿಕದ ವೈಮಾನಿಕರು ಕೈಲಿದ್ದ ಏನನ್ನೋ ಕೊಟ್ಟು ಹೋಗಿದ್ದರು. ಒಂದು ನಾಣ್ಯ, ಒಂದು ಕೈಗವಸು, ಸಿಗರೇಟ್ ಪ್ಯಾಕು, ಪ್ಯಾರಾಚೂಟಿನ ರೇಷ್ಮೆ ಬಟ್ಟೆ. ನೆನಪಿಗೆ ಅಂತ ಮನೆಯಲ್ಲಿಟ್ಟ ಆ ವಸ್ತುಗಳೇ ಸೈನಿಕರು ಬಂದಾಗ ಸಾಕ್ಷಿಯಾದವು. ವೈಮಾನಿಕನೊಬ್ಬನಿಗೆ ಆಸರೆ ಕೊಟ್ಟ ಒಬ್ಬನನ್ನು ಸೀಮೆಎಣ್ಣೆಯಲ್ಲಿ ಅದ್ದಿದ ಕಂಬಳಿಯಲ್ಲಿ ಸುತ್ತಿ, ಅವನ ಹೆಂಡತಿಯ ಕೈಯಿಂದಲೇ ಬೆಂಕಿ ಹಚ್ಚಿಸಿದ್ದನ್ನು ಅಲ್ಲಿದ್ದ ವಿದೇಶಿ ಪಾದ್ರಿಗಳು ದಾಖಲಿಸಿದ್ದಾರೆ. ಊರಿಗೆ ಊರೇ ಸುಟ್ಟವು. ಸೇನೆ ಹಿಂದೆ ಸರಿಯುವಾಗ ಜೀವಾಣು ಅಸ್ತ್ರ ಮಾಡುತ್ತಿದ್ದ ಕುಖ್ಯಾತ 731ನೇ ಘಟಕ ಕಾಲರಾ, ಟೈಫಾಯ್ಡ್, ಪ್ಲೇಗ್ ರೋಗಾಣುಗಳನ್ನು ಆ ಪ್ರದೇಶದಲ್ಲಿ ಹರಡಿತು. ಬಾವಿಗಳನ್ನೂ ಬಿಡಲಿಲ್ಲ.

ಈ ಕಾರ್ಯಾಚರಣೆಯಲ್ಲಿ ಸತ್ತ ಚೀನೀಯರು ಸುಮಾರು 2.5 ಲಕ್ಷ ಅನ್ನೋದು ಸಾಮಾನ್ಯವಾಗಿ ಕೊಡುವ ಅಂದಾಜು. ದಾಳಿ ಮಾಡಿದವರ ಲೆಕ್ಕದಲ್ಲಿ ಇಳಿಯುವ ಜಾಗ ಇತ್ತು, ಪೆಟ್ರೋಲು ಇತ್ತು, ಗಾಳಿ ಇತ್ತು. ಇಳಿಯುವ ಜಾಗದ ಜನರ ಗತಿ ಏನು ಅನ್ನೋದು ಆ ಲೆಕ್ಕದಲ್ಲಿ ಸರಿಯಾಗಿ ಸೇರಿರಲಿಲ್ಲ. ನನ್ನ ಮಟ್ಟಿಗೆ ಈ ಇಡೀ ಕಥೆಯಲ್ಲಿ ಅತ್ಯಂತ ನೋವಿನ ಸಂಗತಿ ಅದು.

ಆ 80 ಮಂದಿಯ ನೆನಪು

ಬದುಕುಳಿದವರು ಯುದ್ಧ ಮುಗಿದ ಮೇಲೆ ಹೆಚ್ಚುಕಮ್ಮಿ ಪ್ರತಿ ವರ್ಷ ಏಪ್ರಿಲ್‌ನಲ್ಲಿ ಒಂದೆಡೆ ಸೇರುತ್ತಿದ್ದರು. ಅವರ ಬಳಿ 80 ಬೆಳ್ಳಿ ಲೋಟಗಳಿದ್ದವು. ಪ್ರತಿ ಲೋಟದ ಮೇಲೂ ಒಬ್ಬೊಬ್ಬರ ಹೆಸರು ಎರಡು ಸಲ ಕೆತ್ತಿತ್ತು, ಒಮ್ಮೆ ನೆಟ್ಟಗೆ, ಒಮ್ಮೆ ತಲೆಕೆಳಗಾಗಿ. ಒಬ್ಬರು ತೀರಿಕೊಂಡರೆ ಅವರ ಲೋಟವನ್ನು ಬೋರಲು ಹಾಕುತ್ತಿದ್ದರು. ಹೆಸರು ಆಗಲೂ ಓದಲು ಬರುತ್ತಿತ್ತು. ಡೂಲಿಟಲ್ ಪಕ್ಕದ ಸೀಟಿನಲ್ಲಿ ಕೂತು ಹಾರಿದ್ದ ರಿಚರ್ಡ್ ಕೋಲ್ ಎಲ್ಲರಿಗಿಂತ ಕೊನೆಗೆ ಉಳಿದರು. 2019ರ ಏಪ್ರಿಲ್‌ನಲ್ಲಿ, 103ನೇ ವಯಸ್ಸಿನಲ್ಲಿ ಅವರು ತೀರಿಕೊಂಡಾಗ ಎಂಬತ್ತನೆಯ ಲೋಟವನ್ನೂ ಬೋರಲು ಹಾಕಿದರು.